ಈಗಾಗ್ಲೇ ಜಾರಿಯಲ್ಲಿರೋ ಕಾನೂನನ್ನ ಸಂಸದೀಯ ಸಮಿತಿ ಮತ್ತೆ ಪರಿಶೀಲನೆ ಮಾಡಿದ್ರೆ ಆಮೇಲೆ ಏನಾಗುತ್ತೆ?

ಮಂಜುಳಾ_ಕೆ:

ಎಲ್ರಿಗೂ ನಮಸ್ಕಾರ. ಪೇಪರಲ್ಲಿ ಒಂದು ಜಾಹೀರಾತು ನೋಡ್ದೆ, ಪಾರ್ಲಿಮೆಂಟಿನ ಸ್ಥಾಯಿ ಸಮಿತಿಯೊಂದು ಜಾರಿಯಲ್ಲಿರೋ ಒಂದು ಕಾಯ್ದೆ ಹೇಗೆ ನಡೀತಿದೆ ಅಂತ ಪರಿಶೀಲನೆಗೆ ತಗೊಂಡಿದೆಯಂತೆ, ಸಂಘ ಸಂಸ್ಥೆಗಳು, ಸಾರ್ವಜನಿಕರು 15 ದಿನದೊಳಗೆ ಲಿಖಿತ ಅಭಿಪ್ರಾಯ ಕಳಿಸಿ ಅಂತ ಕೇಳಿದ್ದಾರೆ. ನಾನು ಕೆಲಸ ಮಾಡೋ ಕ್ಷೇತ್ರದ್ದೇ ಕಾಯ್ದೆ ಅದು, ದಿನಾ ಅದರ ಫಾರಂ ತುಂಬಿಸಿ ತುಂಬಿಸಿ ಜನ ಎಲ್ಲೆಲ್ಲಿ ಸಿಕ್ಕಿಹಾಕ್ಕೋತಾರೆ ಅಂತ ಚೆನ್ನಾಗಿ ಗೊತ್ತಿದೆ, ಹಾಗಾಗಿ ಬರೆದು ಕಳಿಸ್ಬೇಕು ಅಂತ ಆಸೆ.

ಆದ್ರೆ ನಂಗೆ ವಿಷಯದ ಬುಡವೇ ಸಿಗ್ತಿಲ್ಲ. ಮಸೂದೆ ಮಂಡನೆ ಆದಾಗ ಸಮಿತಿಗೆ ಕಳಿಸ್ತಾರೆ ಅನ್ನೋದು ಗೊತ್ತು. ಪಾಸಾಗಿ, ಗೆಜೆಟಲ್ಲಿ ಬಂದು, ವರ್ಷಗಟ್ಲೆ ಆದ್ಮೇಲೆ ಅದೇ ಸಂಸದರು ಅದನ್ನೇ ಮತ್ತೆ ಪರಿಶೀಲಿಸೋದು ಅಂದ್ರೆ ಏನರ್ಥ? ಯಾವ ಕಾನೂನು ತಗೋಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ? ನಾವು ಕಳಿಸಿದ್ದನ್ನ ಯಾರಾದ್ರೂ ಓದ್ತಾರಾ ಅಥವಾ ಕಟ್ಟು ಕಟ್ಟಿ ಮೂಲೆಗೆ ಹಾಕ್ತಾರಾ? ಕೊನೆಗೆ ವರದಿ ಬಂತು ಅಂದ್ಕೊಳ್ಳಿ, ಸರ್ಕಾರ ಅದನ್ನ ಒಪ್ಪಲೇಬೇಕಾ? ಗೂಗಲ್ ಮಾಡಿದ್ರೆ ಎಲ್ಲಾ ಪರೀಕ್ಷೆಗೆ ಓದೋರ ನೋಟ್ಸೇ ಬರ್ತಿದೆ, ಒಳಗೆ ನಿಜವಾಗ್ಲೂ ಹೇಗೆ ನಡಿಯುತ್ತೆ ಅಂತ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಸುಮ್ನೆ_ಓದ್ತೀನಿ:

ಮೇಡಂ ಬೇಜಾರಾಗ್ಬೇಡಿ, ಇದೆಲ್ಲಾ ಕಣ್ಣೊರೆಸೋ ಕೆಲಸ. ವರದಿ ಬರುತ್ತೆ, ಒಂದು ದಿನ ಪೇಪರಲ್ಲಿ ಎರಡು ಕಾಲಂ ಸುದ್ದಿ ಬರುತ್ತೆ, ಆಮೇಲೆ ಅದನ್ನ ಕೇಳೋರೇ ಇಲ್ಲ. ಸಮಿತಿ ಶಿಫಾರಸು ಸರ್ಕಾರದ ಮೇಲೆ ಬೈಂಡಿಂಗ್ ಅಲ್ಲ. ನಿಮ್ಮ ಟೈಮ್ ಉಳಿಸ್ಕೊಳಿ.

ಹಳೇ_ಫೈಲು:

ಮೇಲಿನವರು ಹೇಳಿದ್ರಲ್ಲಿ ಬೈಂಡಿಂಗ್ ಅಲ್ಲ ಅನ್ನೋದೊಂದು ಸರಿ, ಉಳಿದಿದ್ದು ಅರ್ಧ ಸತ್ಯ. ಶಾಸಕಾಂಗದ ಸಚಿವಾಲಯ ಒಂದರಲ್ಲಿ ಕೆಲಸ ಮಾಡಿ ನಿವೃತ್ತಿ ಆದೋನು ನಾನು, ಸಮಿತಿ ಕೆಲಸಾನೂ ನೋಡಿದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರ್ಲಿ.

ಇಲಾಖಾವಾರು ಸ್ಥಾಯಿ ಸಮಿತಿಗಳು ಶುರುವಾಗಿದ್ದು 1993ರಲ್ಲಿ, ಆಗ 17 ಇದ್ವು, 2004ರಲ್ಲಿ 24 ಮಾಡಿದ್ರು. ಒಂದೊಂದರಲ್ಲೂ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10, ಮಂತ್ರಿ ಆಗಿರೋರು ಸದಸ್ಯರಾಗೋ ಹಾಗಿಲ್ಲ. ಇವರಿಗೆ ನಿಯಮದಲ್ಲಿ ಕೊಟ್ಟಿರೋ ಕೆಲಸ ಅಂದ್ರೆ ಇಲಾಖೆಯ ಬಜೆಟ್ ಬೇಡಿಕೆ ನೋಡೋದು, ಕಳಿಸಿದ ಮಸೂದೆ ನೋಡೋದು, ಇಲಾಖೆಯ ವಾರ್ಷಿಕ ವರದಿ ನೋಡೋದು, ದೀರ್ಘಾವಧಿ ನೀತಿ ದಾಖಲೆ ನೋಡೋದು. ಹಳೇ ಕಾನೂನನ್ನ ಪರಿಶೀಲಿಸಿ ಅಂತ ಪ್ರತ್ಯೇಕ ಸಾಲು ಅದರಲ್ಲಿ ಹುಡುಕಿದ್ರೂ ಸಿಗಲ್ಲ. ಆದ್ರೂ ಮಾಡ್ತಾರೆ, ಹೇಗೆ ಅಂದ್ರೆ ಸಮಿತಿ ಪ್ರತಿ ವರ್ಷ ಹೊಸದಾಗಿ ರಚನೆ ಆದಾಗ ಆ ವರ್ಷಕ್ಕೆ ಯಾವ್ಯಾವ ವಿಷಯ ತಗೋಬೇಕು ಅಂತ ಕೂತು ಪಟ್ಟಿ ಮಾಡ್ತಾರೆ, ಅದರಲ್ಲಿ ಇಂಥಾ ಕಾಯ್ದೆಯ ಅನುಷ್ಠಾನ ಅಂತ ಒಂದು ವಿಷಯ ಸೇರಿಸ್ಕೊಂಡ್ರೆ ಆಯ್ತು. ಅಂದ್ರೆ ಯಾವ ಕಾನೂನು ಅನ್ನೋದು ಅಧ್ಯಕ್ಷರ ಆಸಕ್ತಿ, ಸದಸ್ಯರ ಒತ್ತಾಯ, ಆ ಸಮಯದಲ್ಲಿ ಏನು ಗಲಾಟೆ ನಡೀತಿದೆ ಅನ್ನೋದರ ಮೇಲೆ ನಿಂತಿರುತ್ತೆ. ಇದು ವ್ಯವಸ್ಥೆಯ ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಗಲಾಟೆ ಆಗದ ಕಾನೂನುಗಳು ಮೂವತ್ತು ನಲವತ್ತು ವರ್ಷ ಯಾರ ಕಣ್ಣಿಗೂ ಬೀಳ್ದೆ ಇದ್ದುಬಿಡ್ತವೆ.

ಪಟ್ಟಿ ಆದ್ಮೇಲೆ ಇಲಾಖೆಯಿಂದ ಹಿನ್ನೆಲೆ ಟಿಪ್ಪಣಿ ತರಿಸ್ತಾರೆ. ಇಲಾಖೆಯವರು ಕಳಿಸೋ ಟಿಪ್ಪಣಿ ಓದಿದ್ರೆ ಎಲ್ಲಾ ಸುಸೂತ್ರವಾಗಿ ನಡೀತಿದೆ ಅಂತ್ಲೇ ಇರುತ್ತೆ, ಅದನ್ನ ಓದಿ ಸಚಿವಾಲಯದ ಅಧಿಕಾರಿಗಳು ಪ್ರಶ್ನಾವಳಿ ತಯಾರು ಮಾಡ್ತಾರೆ, ಇಲ್ಲೇ ನೋಡಿ ನಿಮ್ಮಂಥೋರ ಪತ್ರ ಉಪಯೋಗಕ್ಕೆ ಬರೋದು. ಹೊರಗಿನಿಂದ ಬಂದ ಪತ್ರಗಳಲ್ಲಿ ಇಂಥಾ ಸೆಕ್ಷನ್ ಪ್ರಕಾರ ಇಷ್ಟು ದಿನದಲ್ಲಿ ಆಗ್ಬೇಕು, ಆಗ್ತಿಲ್ಲ ಅಂತ ನಿರ್ದಿಷ್ಟವಾಗಿ ಬರೆದಿದ್ರೆ ಅದು ಹಾಗೇ ಪ್ರಶ್ನೆಯಾಗಿ ಇಲಾಖೆ ಕಾರ್ಯದರ್ಶಿ ಮುಂದೆ ಹೋಗುತ್ತೆ. ಮಂತ್ರಿಗಳನ್ನ ಕರೆಯೋ ರೂಢಿ ಇಲ್ಲ, ಕಾರ್ಯದರ್ಶಿ ತಮ್ಮ ಅಧಿಕಾರಿಗಳನ್ನ ಕರ್ಕೊಂಡು ಬಂದು ಸಾಕ್ಷ್ಯ ಹೇಳ್ತಾರೆ. ಸಭೆ ಮುಚ್ಚಿದ ಬಾಗಿಲ ಒಳಗೆ, ಕ್ಯಾಮೆರಾ ಇಲ್ಲ, ಗ್ಯಾಲರಿ ಇಲ್ಲ, ಹಾಗಾಗಿ ಸದನದಲ್ಲಿ ಕೂಗಾಡೋ ಅದೇ ಸದಸ್ಯರು ಇಲ್ಲಿ ಪಕ್ಷ ಮರೆತು ಒಂದೇ ದನಿಯಲ್ಲಿ ಅಧಿಕಾರಿಗಳನ್ನ ಕೇಳೋದನ್ನ ನೋಡಿದ್ರೆ ನಂಬೋಕೇ ಆಗಲ್ಲ. ಕಾರ್ಯದರ್ಶಿಗೆ ಅಲ್ಲೇ ಉತ್ತರ ಗೊತ್ತಿಲ್ದಿದ್ರೆ ಲಿಖಿತವಾಗಿ ಕಳಿಸ್ತೀವಿ ಅಂತಾರೆ, ಅದನ್ನ ಬೆನ್ನು ಹತ್ತಿ ತರಿಸ್ಕೋಬೇಕು, ಆ ಬೆನ್ನು ಹತ್ತೋ ಕೆಲಸ ನಮ್ಮಂಥೋರ ಪಾಲಿಗೆ ಬರ್ತಿತ್ತು ಅನ್ನಿ.

ಆಮೇಲೆ ಕರಡು ವರದಿ. ಅಂಕಿ ಅಂಶ ತಪ್ಪಿದೆಯಾ ಅಂತ ಪರಿಶೀಲನೆ ಆಗುತ್ತೆ, ಸಮಿತಿ ಸಭೆಯಲ್ಲಿ ಅಂಗೀಕಾರ ಆಗುತ್ತೆ, ಒಪ್ಪದೇ ಇರೋ ಸದಸ್ಯರು ಭಿನ್ನಮತ ಟಿಪ್ಪಣಿ ಕೊಡಬಹುದು, ಅದನ್ನೂ ವರದಿ ಜೊತೆಗೆ ಅಚ್ಚು ಹಾಕ್ತಾರೆ. ನಂತ್ರ ಎರಡೂ ಸದನದಲ್ಲಿ ಮಂಡನೆ. ಮಂಡನೆ ಆದ ಮೇಲೆ ಅದು ಸಾರ್ವಜನಿಕ ದಾಖಲೆ, ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ಓದಬಹುದು.

ಮಂಡನೆ ಆದ್ಮೇಲೆ ಏನಾಗುತ್ತೆ ಅನ್ನೋದೇ ಜನಕ್ಕೆ ಗೊತ್ತಿಲ್ದೇ ಇರೋದು. ಇಲಾಖೆ 3 ತಿಂಗಳೊಳಗೆ ಒಂದೊಂದು ಶಿಫಾರಸಿಗೂ ಏನು ಮಾಡಿದ್ವಿ ಅಂತ ಲಿಖಿತ ಉತ್ತರ ಕೊಡ್ಬೇಕು. ಆ ಉತ್ತರಗಳನ್ನ ಇಟ್ಕೊಂಡು ಸಮಿತಿ ಇನ್ನೊಂದು ವರದಿ ಮಾಡುತ್ತೆ, ಅದಕ್ಕೆ ಕ್ರಮ ಕೈಗೊಂಡ ವರದಿ ಅಂತಾರೆ. ಅದರಲ್ಲಿ ಸರ್ಕಾರ ಒಪ್ಪಿದ್ದು ಒಂದು ಅಧ್ಯಾಯ, ಸರ್ಕಾರದ ಉತ್ತರ ನೋಡಿ ಸಮಿತಿ ಕೈಬಿಟ್ಟಿದ್ದು ಒಂದು, ಸರ್ಕಾರದ ಉತ್ತರ ಸಮಿತಿಗೆ ಒಪ್ಪಿಗೆ ಆಗದೇ ಮತ್ತೆ ಒತ್ತಿ ಹೇಳಿದ್ದು ಒಂದು, ಇನ್ನೂ ಅಂತಿಮ ಉತ್ತರ ಬಾರದೇ ಇರೋದು ಒಂದು, ಹೀಗೆ ವಿಂಗಡಿಸಿರ್ತಾರೆ. ಅದಾದ್ಮೇಲೆ ಮಂತ್ರಿ ಸದನದಲ್ಲಿ ಆ ವರದಿಯ ಶಿಫಾರಸುಗಳ ಸ್ಥಿತಿಗತಿ ಬಗ್ಗೆ ಹೇಳಿಕೆ ಕೊಡ್ಬೇಕು ಅಂತ ಸ್ಪೀಕರ್ ನಿರ್ದೇಶನ 73ಎ ಇದೆ, 2004ರಲ್ಲಿ ಬಂದಿದ್ದು. ಹೇಳಿಕೆಗಳು ತಡ ಆಗ್ತವೆ, ಕೆಲವು ಸಲ ಮೇಜಿನ ಮೇಲೆ ಇಟ್ಟು ಹೋಗ್ತಾರೆ ಅಷ್ಟೇ, ಅದೂ ನಿಜ. ಆದ್ರೆ ಲಿಖಿತದಲ್ಲಿ ಇಲ್ಲ ಅಂತ ಹೇಳ್ಬೇಕಾದ್ರೆ ಸರ್ಕಾರಕ್ಕೆ ಕಾರಣ ಬರೀಲೇಬೇಕಾಗುತ್ತೆ, ಆ ಕಾರಣವೇ ಎಷ್ಟೋ ಸಲ ಮುಂದಿನವರಿಗೆ ಆಯುಧ.

ಕೆಎಎಸ್_ಕನಸು:

ಹಳೇ ಫೈಲು ಸರ್ ಸೂಪರ್, ನಮ್ಮ ನೋಟ್ಸಲ್ಲಿ ಇದ್ಯಾವುದೂ ಇಲ್ಲ 😅 ಒಂದು ಡೌಟು, ಹಳೇ ಕಾನೂನು ಪರಿಶೀಲನೆ ಮಾಡೋದು ಕಾನೂನು ಆಯೋಗದ ಕೆಲಸ ಅಲ್ವಾ? 1998ರ ಜೈನ್ ಆಯೋಗ ಸಾವಿರಕ್ಕೂ ಹೆಚ್ಚು ಕಾಯ್ದೆ ರದ್ದು ಮಾಡಿ ಅಂತ ಹೇಳಿತ್ತಲ್ಲ, 2014ರಲ್ಲೂ ರಾಮಾನುಜಂ ಸಮಿತಿ ಅಂತ ಬಂತು, ಆಮೇಲೆ ರದ್ದತಿ ಮಸೂದೆಗಳೂ ಸಾಲಾಗಿ ಪಾಸಾದ್ವು. ಅದೂ ಇದೂ ಒಂದೇನಾ?

ಹಳೇ_ಫೈಲು:

ಒಂದೇ ಅಲ್ಲಪ್ಪ. ನೀನು ಹೇಳಿದ್ದೆಲ್ಲಾ ಸರ್ಕಾರ ನೇಮಿಸಿದ್ದು, ಅವರು ಸರ್ಕಾರಕ್ಕೆ ವರದಿ ಕೊಡ್ತಾರೆ. ಸದನದ ಸಮಿತಿ ಸದನಕ್ಕೆ ವರದಿ ಕೊಡುತ್ತೆ. ಇನ್ನೊಂದು ವ್ಯತ್ಯಾಸ, ಜೈನ್ ಆಯೋಗ, ರಾಮಾನುಜಂ ಸಮಿತಿ ಮಾಡಿದ್ದು ಬಹುಪಾಲು ಕಸ ಗುಡಿಸೋ ಕೆಲಸ, ಸತ್ತ ಕಾನೂನು ಯಾವುದು ಅಂತ ಹುಡುಕಿ ತೆಗೆಯೋದು. ಬದುಕಿರೋ ಕಾನೂನು ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ನೋಡೋದು ಬೇರೆ, ಅದು ಕಷ್ಟದ ಕೆಲಸ.

ಹಾಂ, ಇನ್ನೊಂದು ಸಮಿತಿ ಇದೆ, ಅದನ್ನ ಎಲ್ರೂ ಮರೀತಾರೆ, ಅಧೀನ ಶಾಸನ ಸಮಿತಿ. ಲೋಕಸಭೆಯಲ್ಲಿ 1953ರಿಂದ, ರಾಜ್ಯಸಭೆಯಲ್ಲಿ 1964ರಿಂದ ಇದೆ. ಕಾಯ್ದೆಯಲ್ಲಿ ನಿಯಮ ಮಾಡೋ ಅಧಿಕಾರ ಸರ್ಕಾರಕ್ಕೆ ಕೊಟ್ಟಿರ್ತಾರಲ್ಲ, ಆ ನಿಯಮಗಳು ಕಾಯ್ದೆಯ ಮಿತಿ ದಾಟಿವೆಯಾ, ಟೈಮಿಗೆ ಸರಿಯಾಗಿ ಬಂದ್ವಾ, ಹಿಂದಿನ ತಾರೀಖಿನಿಂದ ಜಾರಿ ಮಾಡಿದ್ದಾರಾ, ಕಾಯ್ದೆಯಲ್ಲಿ ಇಲ್ಲದ ಶುಲ್ಕ ಹಾಕಿದ್ದಾರಾ ಅಂತ ನೋಡೋದು ಅದರ ಕೆಲಸ. ಕಾಯ್ದೆ ಜಾರಿಗೆ ಬಂದು 6 ತಿಂಗಳೊಳಗೆ ನಿಯಮ ಆಗ್ಬೇಕು, ಆಗದಿದ್ರೆ ಈ ಸಮಿತಿ ಹತ್ರ ಕಾಲಾವಕಾಶ ಕೇಳ್ಬೇಕು. ಪೌರತ್ವ ತಿದ್ದುಪಡಿ ಕಾಯ್ದೆ ಗೊತ್ತಲ್ಲ, 2019ರ ಡಿಸೆಂಬರಲ್ಲಿ ಪಾಸಾಗಿ 2020ರ ಜನವರಿಗೆ ಜಾರಿ, ನಿಯಮ ಬಂದಿದ್ದು 2024ರ ಮಾರ್ಚಲ್ಲಿ, ಅಲ್ಲೀವರೆಗೂ ಎರಡೂ ಸದನದ ಅಧೀನ ಶಾಸನ ಸಮಿತಿಗಳಿಂದ ಮತ್ತೆ ಮತ್ತೆ ಅವಧಿ ವಿಸ್ತರಣೆ ತಗೊಂಡ್ರು. ಸಮಿತಿ ಅವಧಿ ಕೊಡ್ತಾ ಹೋದ್ರೆ ಈ 6 ತಿಂಗಳು ಅನ್ನೋದಕ್ಕೆ ಹಲ್ಲೇ ಇರಲ್ಲ ಅನ್ನೋದಕ್ಕೂ ಅದೇ ಉದಾಹರಣೆ.

ಮಂಜುಳಾ ಅವರೇ, ನೀವು ಹೇಳಿದ ಫಾರಂ ಸಮಸ್ಯೆ ಇದೆಯಲ್ಲ, ಅದು ಬಹುಶಃ ಕಾಯ್ದೆಯಲ್ಲಿ ಇರಲ್ಲ, ನಿಯಮದಲ್ಲಿ ಇರುತ್ತೆ. ಬರೆಯೋ ಮುಂಚೆ ಅದನ್ನ ಬೇರ್ಪಡಿಸ್ಕೊಳಿ. ಕಾಯ್ದೆ ತಿದ್ದೋಕೆ ಸದನ ಬೇಕು, ನಿಯಮ ತಿದ್ದೋಕೆ ಒಂದು ಅಧಿಸೂಚನೆ ಸಾಕು, ಹಾಗಾಗಿ ಸರ್ಕಾರ ಬೇಗ ಒಪ್ಪೋದು ಎರಡನೇದನ್ನೇ.

ವಕೀಲ_ಪ್ರಸನ್ನ:

ಒಳ್ಳೇ ಚರ್ಚೆ. ನಾನು ಕಂಪನಿ ಕಾನೂನು ಕಡೆ ಪ್ರಾಕ್ಟೀಸ್ ಮಾಡ್ತೀನಿ, ಒಂದು ನಿಜವಾದ ಉದಾಹರಣೆ ಕೊಡ್ತೀನಿ. ದಿವಾಳಿ ಸಂಹಿತೆ, ಅಂದ್ರೆ ಸಾಲ ತೀರಿಸೋಕಾಗದ ಕಂಪನಿಗಳ ವಿಷಯ ಬಗೆಹರಿಸೋ ಕಾನೂನು, ನಾವೆಲ್ಲಾ ಐಬಿಸಿ ಅಂತೀವಿ, ಬಂದಿದ್ದು 2016ರಲ್ಲಿ. 2021ರ ಆಗಸ್ಟಲ್ಲಿ ಹಣಕಾಸು ಸ್ಥಾಯಿ ಸಮಿತಿ ಅದರ ಅನುಷ್ಠಾನದ ಬಗ್ಗೆನೇ ಒಂದು ಪೂರ್ತಿ ವರದಿ ಕೊಡ್ತು, ಅದರ ಹೆಸರಲ್ಲೇ ಲೋಪಗಳು ಮತ್ತು ಪರಿಹಾರ ಅಂತ ಇತ್ತು. ನಾವು ಈ ಕೇಸುಗಳು ನಡಿಯೋ ಟ್ರಿಬ್ಯೂನಲ್ ಕಾರಿಡಾರಲ್ಲಿ ನಿಂತು ಬೈಕೊಳ್ತಿದ್ದ ವಿಷಯಗಳೆಲ್ಲಾ ಅದರಲ್ಲಿ ಅಂಕಿ ಸಮೇತ ಬಂದಿದ್ವು. 71% ಕೇಸುಗಳು 180 ದಿನ ದಾಟಿ ಬಾಕಿ ಇವೆ, ಕೆಲವು ಕಡೆ ಸಾಲ ಕೊಟ್ಟೋರು 95% ವರೆಗೂ ಕಳ್ಕೊಂಡಿದ್ದಾರೆ, ಟ್ರಿಬ್ಯೂನಲಲ್ಲಿ ಮಂಜೂರಾದ 62 ಸದಸ್ಯರ ಹುದ್ದೆಯಲ್ಲಿ 34 ಖಾಲಿ, ಸಾಲ ಕೊಟ್ಟೋರ ಸಮಿತಿಗೆ ಒಂದು ನಡವಳಿಕೆ ಸಂಹಿತೆ ಬೇಕು, ಹೀಗೆ.

ಇದರಲ್ಲಿ ಗಮನಿಸ್ಬೇಕಾದ ವಿಷಯ ಏನಂದ್ರೆ ಆ ಸಮಿತಿ ಅಧ್ಯಕ್ಷರಾಗಿದ್ದೋರು ಜಯಂತ್ ಸಿನ್ಹಾ, ಆಡಳಿತ ಪಕ್ಷದೋರೇ, ಅಷ್ಟೇ ಅಲ್ಲ 2016ರಲ್ಲಿ ಆ ಸಂಹಿತೆ ಪಾಸಾದಾಗ ಹಣಕಾಸು ರಾಜ್ಯ ಸಚಿವರಾಗಿದ್ದೋರು. ತಾವೇ ಇದ್ದ ಸರ್ಕಾರ ತಂದ ಕಾನೂನಿನ ಮೇಲೆ ಅಷ್ಟು ಖಾರವಾಗಿ ವರದಿ ಬಂತು ಅಂದ್ರೆ ಸಮಿತಿ ವ್ಯವಸ್ಥೆಯಲ್ಲಿ ಏನೋ ಇದೆ ಅಂತ ತಾನೇ. ಹಾಗಂತ ಮಾರನೇ ದಿನ ಎಲ್ಲಾ ಸರಿಹೋಯ್ತಾ? ಇಲ್ಲ. ದೊಡ್ಡ ತಿದ್ದುಪಡಿ ಮಸೂದೆ ಬಂದಿದ್ದು 2025ರ ಆಗಸ್ಟಲ್ಲಿ, ಅದೂ ಮಂಡನೆ ಆಗಿ ಸೆಲೆಕ್ಟ್ ಕಮಿಟಿಗೆ, ಅಂದ್ರೆ ಆ ಒಂದು ಮಸೂದೆಗೆ ಅಂತ್ಲೇ ಮಾಡಿದ ಸಮಿತಿಗೆ ಹೋಯ್ತು. ನಾಲ್ಕು ವರ್ಷ. ಇದನ್ನ ಸೋಲು ಅಂತೀರೋ ಗೆಲುವು ಅಂತೀರೋ ನಿಮಗೆ ಬಿಟ್ಟಿದ್ದು, ನನ್ನ ಕಕ್ಷಿದಾರರು ಮಾತ್ರ ಸೋಲು ಅಂತಾರೆ.

ಇನ್ನೊಂದು, 2022ರ ಆಗಸ್ಟಲ್ಲಿ ಕಾನೂನು ಮತ್ತು ನ್ಯಾಯ ಸ್ಥಾಯಿ ಸಮಿತಿ ದತ್ತು ಮತ್ತು ಪಾಲಕತ್ವ ಕಾನೂನುಗಳ ಪರಿಶೀಲನೆ ಅಂತ ತನ್ನ 118ನೇ ವರದಿ ಕೊಡ್ತು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯಲ್ಲಿ ಮಗುವಿಗೆ ಸಹಜ ಪಾಲಕ ತಂದೆ, ಅವನ ನಂತರ ತಾಯಿ ಅಂತ ಇದೆ. ಸುಪ್ರೀಂ ಕೋರ್ಟು 1999ರಲ್ಲೇ ಗೀತಾ ಹರಿಹರನ್ ಕೇಸಲ್ಲಿ ತಂದೆ ಜವಾಬ್ದಾರಿ ತಗೊಳ್ದೇ ಇದ್ದಾಗ ತಾಯಿ ಪಾಲಕಿ ಅಂತ ವಿಶಾಲವಾಗಿ ಅರ್ಥ ಮಾಡಿತ್ತು. ಸಮಿತಿ ಹೇಳಿದ್ದು, ಹೀಗೆ ಎಳೆದಾಡಿ ಅರ್ಥ ಮಾಡೋದು ಬಿಟ್ಟು ಕಾಯ್ದೆನೇ ತಿದ್ದಿ ಇಬ್ಬರನ್ನೂ ಸಮಾನ ಪಾಲಕರು ಮಾಡಿ ಅಂತ. ಜೊತೆಗೆ ದತ್ತು ವಿಷಯದಲ್ಲಿ 1956ರ ಹಿಂದೂ ದತ್ತು ಕಾಯ್ದೆ ಒಂದು ಕಡೆ, 2015ರ ಬಾಲನ್ಯಾಯ ಕಾಯ್ದೆ ಇನ್ನೊಂದು ಕಡೆ ಅಂತ ಎರಡು ದಾರಿ ಇರೋದು ಬೇಡ, ಎಲ್ಲಾ ಧರ್ಮದೋರಿಗೂ ಅನ್ವಯ ಆಗೋ ಹಾಗೆ ಒಂದೇ ಸಮಗ್ರ ಕಾನೂನು ತನ್ನಿ ಅಂತ. ಕೋರ್ಟಿಗೆ ಕೇಸ್ ಬಂದ ಸೆಕ್ಷನ್ ಮಾತ್ರ ಕಾಣುತ್ತೆ, ಸಮಿತಿಗೆ ನಾಲ್ಕು ಕಾಯ್ದೆನ ಪಕ್ಕ ಪಕ್ಕ ಇಟ್ಟು ನೋಡೋ ಅವಕಾಶ ಇರುತ್ತೆ, ನನ್ನ ಪ್ರಕಾರ ಈ ಕೆಲಸದ ಅಸಲಿ ಲಾಭ ಅದೇ.

ಸುಮ್ನೆ_ಓದ್ತೀನಿ:

ಸರ್ ಅದೇ ನಾನು ಹೇಳ್ತಿರೋದು, ವರದಿ ಚೆನ್ನಾಗಿರುತ್ತೆ, ಆಮೇಲೆ ನಾಲ್ಕು ವರ್ಷ ಮಲಗುತ್ತೆ. ಗ್ರಾಮೀಣಾಭಿವೃದ್ಧಿ ಸಮಿತಿ 2022ರಲ್ಲಿ ನರೇಗಾ ಕಾಯ್ದೆ ಪರಿಶೀಲಿಸಿ 100 ದಿನದ ಕೆಲಸ 150 ಮಾಡಿ ಅಂತು, ಮಾಡಿದ್ರಾ? ಮಸೂದೆಗಳನ್ನೇ ಸಮಿತಿಗೆ ಕಳಿಸಲ್ಲ ಈಗ, 15ನೇ ಲೋಕಸಭೆಯಲ್ಲಿ 71% ಮಸೂದೆ ಸಮಿತಿಗೆ ಹೋಗಿದ್ರೆ 17ನೇದರಲ್ಲಿ 16%. ಮೊದಲೇ ಸರಿಯಾಗಿ ನೋಡ್ದೇ ಪಾಸ್ ಮಾಡಿ ಆಮೇಲೆ ಅನುಷ್ಠಾನ ಪರಿಶೀಲನೆ ಅಂತ ಕೂತ್ರೆ ಏನು ಪ್ರಯೋಜನ.

ವಕೀಲ_ಪ್ರಸನ್ನ:

ಮೊದಲು ನೋಡದೇ ಇರೋದ್ರಿಂದಲೇ ಆಮೇಲೆ ನೋಡೋದು ಇನ್ನೂ ಜಾಸ್ತಿ ಬೇಕು ಅಂತ ನಾನಂತೀನಿ. ಮತ್ತೆ ವರದಿ ಮಲಗಿದ್ರೂ ಕೋರ್ಟಲ್ಲಿ ಎಬ್ಬಿಸಬಹುದು. 2018ರ ಕಲ್ಪನಾ ಮೆಹ್ತಾ ಕೇಸು ನೋಡಿ, ಗರ್ಭಕಂಠ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಪ್ರಯೋಗದ ವಿಷಯದಲ್ಲಿ ಸಂಸದೀಯ ಸಮಿತಿ ವರದಿನ ಕೋರ್ಟ್ ಮುಂದೆ ಇಡಬಹುದಾ ಅನ್ನೋ ಪ್ರಶ್ನೆ ಬಂದಿತ್ತು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇಡಬಹುದು, ನೆರವಿಗೆ ತಗೋಬಹುದು ಅಂತು. ವರದಿ ತಪ್ಪು, ಅದನ್ನ ರದ್ದು ಮಾಡಿ ಅಂತ ಮಾತ್ರ ಕೋರ್ಟಲ್ಲಿ ಕೇಳೋ ಹಾಗಿಲ್ಲ, ಅದು ಸದನದ ಹಕ್ಕಿನ ವಿಷಯ. ಪಿಐಎಲ್ ಹಾಕೋರಿಗೆ, ನಮಗೆ, ಇದು ಚಿಕ್ಕ ವಿಷಯ ಅಲ್ಲ ಗುರು.

ದೂರದ_ಬೆಟ್ಟ:

ತಡವಾಗಿ ಬಂದೆ. ಆಡಳಿತ ಶಾಸ್ತ್ರ ಪಾಠ ಮಾಡೋಳು ನಾನು, ಬೇರೆ ಕಡೆ ಹೇಗಿದೆ ಅಂತ ಸ್ವಲ್ಪ ಸೇರಿಸ್ತೀನಿ, ಯಾಕಂದ್ರೆ ಹಳೇ ಫೈಲು ಸರ್ ಹೇಳಿದ ಕೊರತೆ, ಅಂದ್ರೆ ಯಾವ ಕಾನೂನು ಯಾವಾಗ ಅನ್ನೋದು ಇಷ್ಟ ಬಂದ ಹಾಗೆ ನಡಿಯೋದು, ಅದನ್ನ ಬೇರೆಯೋರು ಬೇರೆ ಬೇರೆ ಥರ ಕಟ್ಟಿಹಾಕಿದ್ದಾರೆ.

ಬ್ರಿಟನ್ನಲ್ಲಿ 2008ರಿಂದ ಒಂದು ಪದ್ಧತಿ ಇದೆ. ಕಾಯ್ದೆಗೆ ಅಂಕಿತ ಬಿದ್ದು 3ರಿಂದ 5 ವರ್ಷದೊಳಗೆ ಇಲಾಖೆನೇ ಈ ಕಾಯ್ದೆ ಹೇಗೆ ನಡೀತಿದೆ ಅಂತ ಒಂದು ಟಿಪ್ಪಣಿ ಬರೆದು ಸಂಬಂಧಪಟ್ಟ ಸಮಿತಿಗೆ ಕೊಡ್ಬೇಕು, ಸಮಿತಿಗೆ ಬೇಕು ಅನ್ಸಿದ್ರೆ ಪೂರ್ತಿ ತನಿಖೆ ಮಾಡುತ್ತೆ. ಅವರ ಮೇಲ್ಮನೆಯಲ್ಲಂತೂ ಒಂದೇ ಒಂದು ಕಾಯ್ದೆಗೆ ಅಂತ ಸುಮಾರು ಒಂದು ವರ್ಷದ ವಿಶೇಷ ಸಮಿತಿ ಮಾಡ್ತಾರೆ, 2003ರ ಮದ್ಯ ಪರವಾನಗಿ ಕಾಯ್ದೆ, 2010ರ ಲಂಚ ತಡೆ ಕಾಯ್ದೆ ಎಲ್ಲಾ ಹೀಗೇ ನೋಡಿದ್ರು. ಸಾಕ್ಷ್ಯ ತೆರೆದ ಸಭೆಯಲ್ಲೇ ಕೇಳ್ತಾರೆ, ಯಾರು ಏನು ಹೇಳಿದ್ರು ಅಂತ ಅಕ್ಷರಶಃ ಪ್ರಕಟ ಆಗುತ್ತೆ, ನಮ್ಮಲ್ಲಿ ಮುಚ್ಚಿದ ಬಾಗಿಲು. ಯಾವುದು ಒಳ್ಳೇದು ಅನ್ನೋದು ಸುಲಭದ ಪ್ರಶ್ನೆ ಅಲ್ಲ, ಮುಚ್ಚಿದ ಬಾಗಿಲಲ್ಲಿ ಅಧಿಕಾರಿ ಬಾಯಿ ಬಿಡ್ತಾರೆ, ಆದ್ರೆ ಜನಕ್ಕೆ ಕೇಳ್ಸಲ್ಲ.

ಅವರ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯ ಕಥೆ ನಾನು ಪ್ರತಿ ವರ್ಷ ಕ್ಲಾಸಲ್ಲಿ ಹೇಳ್ತೀನಿ. ಮರೆವಿನ ಕಾಯಿಲೆ, ಬುದ್ಧಿಮಾಂದ್ಯ ಇತ್ಯಾದಿ ಇದ್ದು ತಮ್ಮ ನಿರ್ಧಾರ ತಾವು ತಗೊಳ್ಳೋಕೆ ಕಷ್ಟ ಆಗೋರ ಬಗ್ಗೆ ಇರೋ ಕಾಯ್ದೆ. 2014ರ ಮಾರ್ಚಲ್ಲಿ ಸಮಿತಿ ವರದಿ ಕೊಡ್ತು, ಕಾಯ್ದೆ ಒಳ್ಳೇದೇ, ಆದ್ರೆ ಆಸ್ಪತ್ರೆಯೋರಿಗೆ, ಆರೈಕೆ ಮಾಡೋರಿಗೆ ಅದು ಇದೆ ಅನ್ನೋದೇ ಸರಿಯಾಗಿ ತಿಳಿದಿಲ್ಲ ಅಂತು. ಅದೇ ಕಾಯ್ದೆಗೆ ಆಮೇಲೆ ಸೇರಿಸಿದ್ದ ಒಂದು ಭಾಗ, ಆರೈಕೆಯ ಹೆಸರಲ್ಲಿ ಒಬ್ರನ್ನ ಹೊರಗೆ ಬಿಡದೇ ಇಟ್ಕೋಬೇಕಾದ್ರೆ ಪಾಲಿಸ್ಬೇಕಾದ ರಕ್ಷಣಾ ಕ್ರಮಗಳು, ಅದು ಮಾತ್ರ ಯಾವ ಕೆಲಸಕ್ಕೂ ಬಾರದು, ತೆಗೆದು ಹೊಸದು ಬರೀರಿ ಅಂತು. ಒಂದೇ ಕಾಯ್ದೆ, ಎರಡು ಬೇರೆ ರೋಗ, ಎರಡಕ್ಕೂ ಬೇರೆ ಮದ್ದು. ಸರ್ಕಾರ ಕಾನೂನು ಆಯೋಗಕ್ಕೆ ಕಳಿಸ್ತು, ಆಯೋಗ 2017ರಲ್ಲಿ ವರದಿ ಕೊಡ್ತು, 2019ರಲ್ಲಿ ತಿದ್ದುಪಡಿ ಕಾಯ್ದೆನೂ ಪಾಸಾಯ್ತು, ಆಮೇಲೆ 2023ರಲ್ಲಿ ಸರ್ಕಾರ ಅದರ ಜಾರಿನ ಮುಂದಕ್ಕೆ ಹಾಕಿಬಿಡ್ತು. ಹಾಗಾಗಿ ಸುಮ್ನೆ ಓದ್ತೀನಿ ಅವರೇ, ವರದಿ ಮಲಗೋದು ನಮ್ಮ ಒಬ್ಬರ ಸಮಸ್ಯೆ ಅಲ್ಲ.

ಕೆನಡಾದಲ್ಲಿ ಇನ್ನೊಂದು ಥರ, ಕಾಯ್ದೆ ಒಳಗೇ ಬರೆದುಬಿಡ್ತಾರೆ, ಇಷ್ಟು ವರ್ಷಕ್ಕೊಮ್ಮೆ ಸಂಸದೀಯ ಸಮಿತಿ ಇದನ್ನ ಪರಿಶೀಲಿಸ್ಲೇಬೇಕು ಅಂತ, ಅವರ ಲಾಬಿಯಿಂಗ್ ಕಾಯ್ದೆಯಲ್ಲಿ 5 ವರ್ಷಕ್ಕೊಮ್ಮೆ ಅಂತ ಇದೆ. ಅಮೆರಿಕದ ಟೆಕ್ಸಾಸಲ್ಲಿ 1977ರಿಂದ ಸನ್‌ಸೆಟ್ ಆಯೋಗ ಅಂತ ಇದೆ, ಅದರಲ್ಲಿ ಹೆಚ್ಚಿನೋರು ಶಾಸಕರೇ, ಸರ್ಕಾರಿ ಸಂಸ್ಥೆಗಳನ್ನ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಪರೀಕ್ಷೆ ಮಾಡ್ತಾರೆ, ಮುಂದುವರಿಸಿ ಅಂತ ಹೊಸ ಕಾನೂನು ಪಾಸಾಗ್ದಿದ್ರೆ ಸಂಸ್ಥೆ ತಾನಾಗೇ ಮುಚ್ಚಿಹೋಗುತ್ತೆ. ಅಲ್ಲಿ ವರದಿ ಮಲಗೋ ಪ್ರಶ್ನೆನೇ ಇಲ್ಲ, ಮಲಗಿದ್ರೆ ಸಂಸ್ಥೆನೇ ಹೋಯ್ತು.

ನಮ್ಮಲ್ಲೂ ಕೊನೆ ದಿನಾಂಕ ಇರೋ ಕಾನೂನು ಬಂದಿವೆ. ಭಯೋತ್ಪಾದನೆ ತಡೆಯೋಕೆ ತಂದಿದ್ದ ಟಾಡಾ ಹಾಗೇ ಇತ್ತು, ಅವಧಿ ಮುಗಿದಾಗೆಲ್ಲಾ ಸದನಕ್ಕೆ ಬಂದು ವಿಸ್ತರಣೆ ಕೇಳ್ಬೇಕಿತ್ತು, 1995ರಲ್ಲಿ ಕೇಳ್ಲಿಲ್ಲ, ಬಿದ್ದುಹೋಯ್ತು. 2002ರ ಪೋಟಾಗೂ 3 ವರ್ಷದ ಮಿತಿ ಇತ್ತು, ಅದಕ್ಕೂ ಮುಂಚೆ 2004ರಲ್ಲೇ ರದ್ದಾಯ್ತು. ಆದ್ರೆ ಭಯೋತ್ಪಾದನೆ ತಡೆ ಕಾನೂನಿಗೆ ಹಾಕಿದ ಈ ಮಿತಿನ ತೆರಿಗೆಗೆ, ಕಾರ್ಮಿಕರಿಗೆ, ಆರೋಗ್ಯಕ್ಕೆ ಸಂಬಂಧಪಟ್ಟ ಕಾನೂನುಗಳಿಗೆ ಹಾಕೋ ರೂಢಿ ನಮ್ಮಲ್ಲಿ ಬೆಳೀಲಿಲ್ಲ.

ಹಳೇ_ಫೈಲು:

ಮೇಡಂ ಚೆನ್ನಾಗಿ ಹೇಳಿದ್ರಿ. ಒಂದೇ ಮಾತು ಸೇರಿಸ್ತೀನಿ, ನಮ್ಮ ಸಮಿತಿಗಳ ಅವಧಿ ಒಂದು ವರ್ಷ. ವಿಷಯ ಆರಿಸಿ, ಟಿಪ್ಪಣಿ ತರಿಸಿ, ಮಧ್ಯೆ ಬಜೆಟ್ ಬೇಡಿಕೆ ನೋಡಿ ಮುಗಿಸೋ ಅಷ್ಟರಲ್ಲಿ ಅವಧಿ ಮುಗಿಯುತ್ತೆ, ಹೊಸ ಸಮಿತಿ ಬಂದು ಅದೇ ವಿಷಯ ಮತ್ತೆ ಎತ್ಕೊಂಡ್ರೆ ಪುಣ್ಯ. ಕಾನೂನು ಗೊತ್ತಿರೋ, ಅಂಕಿ ಅಂಶ ಗೊತ್ತಿರೋ ಸಂಶೋಧಕರು ಸಮಿತಿಗೆ ಅಂತ್ಲೇ ಇರೋದು ಕಮ್ಮಿ. ಇಲಾಖೆ ಕೊಟ್ಟ ಅಂಕಿನ ಇಲಾಖೆಗೇ ತಿರುಗಿಸಿ ಕೇಳೋ ಪರಿಸ್ಥಿತಿ ಎಷ್ಟೋ ಸಲ. ಅದಕ್ಕೇ ಹೊರಗಿನೋರು ಬರೀಬೇಕು ಅನ್ನೋದು.

ಮಂಜುಳಾ_ಕೆ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ಉತ್ತರ ನಿರೀಕ್ಷೆ ಮಾಡಿರ್ಲಿಲ್ಲ. ಬರೀತೀನಿ ಅಂತ ತೀರ್ಮಾನ ಮಾಡ್ದೆ (ಸುಮ್ನೆ ಓದ್ತೀನಿ ಅವರೇ ಕ್ಷಮಿಸಿ). ಎರಡು ಮೂರು ಪ್ರಾಕ್ಟಿಕಲ್ ಪ್ರಶ್ನೆ ಇದೆ. ಕನ್ನಡದಲ್ಲಿ ಬರೆದ್ರೆ ತಗೋತಾರಾ? ಎಷ್ಟು ಪುಟ ಇರ್ಬೇಕು? ನಮ್ಮ ಸಂಘದ ಹೆಸರಲ್ಲಿ ಕಳಿಸಿದ್ರೆ ಒಳ್ಳೇದಾ ನನ್ನ ಹೆಸರಲ್ಲಾ? ಮತ್ತೆ ಕಳಿಸಿದ್ಮೇಲೆ ಅದನ್ನ ಫೇಸ್‌ಬುಕ್ಕಲ್ಲಿ ಹಾಕೋಣ, ಬೇರೆಯೋರೂ ಅದನ್ನ ನೋಡಿ ಬರೀಲಿ ಅಂತ ಒಬ್ರು ಹೇಳ್ತಿದ್ದಾರೆ.

ಹಳೇ_ಫೈಲು:

ಫೇಸ್‌ಬುಕ್ಕಿಗೆ ಹಾಕ್ಬೇಡಿ ತಾಯಿ! ಜಾಹೀರಾತಿನ ಕೊನೇಲಿ ಸಣ್ಣ ಅಕ್ಷರದಲ್ಲಿ ಇರುತ್ತೆ ನೋಡಿ, ಸಮಿತಿಗೆ ಕಳಿಸಿದ ಜ್ಞಾಪನ ಪತ್ರ ಸಮಿತಿಯ ದಾಖಲೆ ಆಗುತ್ತೆ, ಗೌಪ್ಯ, ಅದನ್ನ ಬೇರೆಯೋರಿಗೆ ಹಂಚಿದ್ರೆ ಹಕ್ಕುಚ್ಯುತಿ ಆಗುತ್ತೆ ಅಂತ. ಕಾನೂನಿನ ಬಗ್ಗೆ ನಿಮ್ಮ ಅಭಿಪ್ರಾಯ ನೀವು ಎಲ್ಲಿ ಬೇಕಾದ್ರೂ ಹೇಳಿ, ಅದಕ್ಕೆ ಅಡ್ಡಿ ಇಲ್ಲ, ಸಮಿತಿಗೆ ಕಳಿಸಿದ ಆ ಪತ್ರವನ್ನ ಮಾತ್ರ ಹಾಕ್ಬೇಡಿ. ಬೇರೆಯೋರಿಗೆ ಬರೀರಿ ಅಂತ ಹೇಳೋದಾದ್ರೆ ಜಾಹೀರಾತನ್ನೇ ಹಂಚಿ.

ಭಾಷೆ ವಿಷಯ ಬೇಜಾರಿಂದೇ. ಪಾರ್ಲಿಮೆಂಟಿನ ಸಮಿತಿಗಳ ಜಾಹೀರಾತಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಎರಡು ಪ್ರತಿ ಕಳಿಸಿ ಅಂತ್ಲೇ ಇರುತ್ತೆ. ಕನ್ನಡದಲ್ಲಿ ಬರೆದು ಜೊತೆಗೆ ಇಂಗ್ಲಿಷ್ ಅನುವಾದ ಇಟ್ಟು ಕಳಿಸಿ, ಮೂಲ ಕನ್ನಡದ್ದೂ ದಾಖಲೆಯಲ್ಲಿ ಇರ್ಲಿ. ರಾಜ್ಯ ವಿಧಾನಮಂಡಲದ ಸಮಿತಿ ಆಗಿದ್ರೆ ಈ ತಾಪತ್ರಯ ಇಲ್ಲ.

ಪುಟ ಎಷ್ಟಾದ್ರೂ ಇರ್ಲಿ, ಮೊದಲ ಪುಟದಲ್ಲೇ ಸೆಕ್ಷನ್ ಅಥವಾ ನಿಯಮದ ನಂಬರ್ ಹಾಕಿ, ಅದರಲ್ಲಿ ಏನಿದೆ, ಕಚೇರಿಯಲ್ಲಿ ಏನಾಗ್ತಿದೆ, ಏನು ಬದಲಾಗ್ಬೇಕು ಅಂತ ಬರೀರಿ. ಈ ಕಾನೂನು ಜನವಿರೋಧಿ ಅಂತ ಶುರು ಮಾಡಿದ ಪತ್ರಗಳನ್ನ ಓದ್ತಾರೆ, ಆದ್ರೆ ಅದರಿಂದ ಪ್ರಶ್ನೆ ಹುಟ್ಟಲ್ಲ. ಸಂಘದ ಹೆಸರಲ್ಲೇ ಕಳಿಸಿ, ಖುದ್ದಾಗಿ ಬಂದು ಹೇಳೋಕೆ ಸಿದ್ಧ ಅಂತ ಒಂದು ಸಾಲು ಸೇರಿಸಿ, ಅದನ್ನ ಮೊದಲೇ ಹೇಳಿದ್ರೇನೇ ಕರೆಯೋ ಪಟ್ಟಿಗೆ ಹೆಸರು ಪರಿಗಣಿಸೋದು. ಕರೆದೇ ಕರೀತಾರೆ ಅಂತಲ್ಲ.

ವಕೀಲ_ಪ್ರಸನ್ನ:

ಒಂದು ಎಚ್ಚರಿಕೆ. ನಿಮ್ಮ ಹತ್ರ ಬಂದೋರ ಹೆಸರು, ಆಧಾರ್ ನಂಬರ್, ಅರ್ಜಿ ನಂಬರ್ ಎಲ್ಲಾ ಇರೋ ಕಾಗದ ಲಗತ್ತಿಸ್ಬೇಡಿ, ವಿವರ ಮುಚ್ಚಿ ಕಳಿಸಿ. ಮತ್ತೆ ಕೋರ್ಟಲ್ಲಿ ನಡೀತಿರೋ ಕೇಸಿನ ಬಗ್ಗೆ ತೀರ್ಪು ಕೊಡಿ ಅನ್ನೋ ಹಾಗೆ ಬರೀಬೇಡಿ, ಸಮಿತಿ ಅದನ್ನ ಮುಟ್ಟಲ್ಲ. ಒಬ್ಬೊಬ್ಬರ ದೂರು ಬಗೆಹರಿಸೋ ಜಾಗನೂ ಅದಲ್ಲ. ಒಂದೇ ಥರದ ತೊಂದರೆ ಹಲವರಿಗೆ ಆಗ್ತಿದೆ ಅಂದ್ರೆ ಮಾತ್ರ ಅದು ಕಾನೂನಿನ ತೊಂದರೆ ಅಂತ ಲೆಕ್ಕಕ್ಕೆ ಬರೋದು.

ಸುಮ್ನೆ_ಓದ್ತೀನಿ:

ಆಯ್ತಪ್ಪ, ಬರೀಲಿ. ಆದ್ರೆ ಮಂಜುಳಾ ಅವರೇ, ವರದಿ ಬಂದಾಗ ಅಲ್ಲ, ಆ ಕ್ರಮ ಕೈಗೊಂಡ ವರದಿ ಬರುತ್ತಲ್ಲ, ಆವಾಗ ಇಲ್ಲಿ ಬಂದು ನಿಮ್ಮ ಸೆಕ್ಷನ್ ಯಾವ ಅಧ್ಯಾಯದಲ್ಲಿ ಬಂತು ಅಂತ ಹಾಕಿ. ಅದನ್ನ ಮಾತ್ರ ನಾನು ಓದ್ತೀನಿ.